ಹಾಡಿಗೆ ಪದ್ಮ, ಹಾಡುವವಳಿಗೆ ಎಂಥ ಪದವಿ?

2025ರ ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾದ ಪದ್ಮ ಪ್ರಶಸ್ತಿ ಪಟ್ಟಿಯಲ್ಲಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ಹೆಸರಿತ್ತು. ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ಈ ಹಿರಿಯ ಜೀವಕ್ಕೆ ಆಗ 96 ವರ್ಷ. ಹದಿಹರೆಯದಲ್ಲೇ ತೊಗಲುಗೊಂಬೆ ಹಿಡಿದು, ರಾಮಾಯಣ ಮಹಾಭಾರತದ ಕತೆಗಳನ್ನು ಹಲವು ದೇಶಗಳ ಪರದೆಯ ಮೇಲೆ ಕುಣಿಸಿ ಬಂದ ಕಲಾವಿದೆಗೆ ಪದ್ಮಶ್ರೀ ಬಂದದ್ದು ಜಿಲ್ಲೆಗೆ ಸಹಜವಾಗಿಯೇ ಹೆಮ್ಮೆ ತಂದಿತು. ಅಭಿನಂದನೆ, ಹಾರ, ಶಾಲು, ಮೆರವಣಿಗೆಗಳ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಅಷ್ಟಾಗಿ ಬರಲಿಲ್ಲ. ಇದೇ ಮನೆತನದ, ಇದೇ ಕಸುಬಿನ ಮೊಮ್ಮಗಳೊಬ್ಬಳು ನಾಳೆ ಇದೇ ಹಾಡನ್ನು ಹಾಡಿಕೊಂಡು ಬದುಕುತ್ತೇನೆ ಎಂದರೆ, ಊರು ಅವಳನ್ನು ಹೇಗೆ ಕಂಡೀತು?

ತೊಗಲುಗೊಂಬೆ ಎಂದೊಡನೆ ಪರದೆಯ ಮೇಲಿನ ಬಣ್ಣದ ನೆರಳು ನೆನಪಾಗುತ್ತದೆ. ಆದರೆ ಅದು ಮೊದಲಿಗೆ ಹಾಡಿಕೆ. ಗೊಂಬೆಗೆ ಜೀವ ಬರುವುದು ಪರದೆಯ ಹಿಂದಿನ ದನಿಯಿಂದ. ಸೀತೆಯ ಅಳಲು, ದ್ರೌಪದಿಯ ಸವಾಲು, ಬಂಗಾರಕ್ಕನ ಬೈಗುಳ ಇವೆಲ್ಲ ಸಾಮಾನ್ಯವಾಗಿ ಮನೆಯ ಹೆಂಗಸರ ಕಂಠದಿಂದಲೇ ಹೊರಡುತ್ತಿದ್ದವು. ಮನೆಯೊಳಗೆ ಮರಾಠಿಯನ್ನು ಹೋಲುವ ಮಾತಾಡುವ ಈ ಸಮುದಾಯ ಪರದೆಯ ಹಿಂದೆ ಕನ್ನಡದಲ್ಲಿ ಹಾಡುತ್ತದೆ. ಮಳೆ ಬಾರದ ವರ್ಷ ಊರಿನವರೇ ಕರೆದು ಆಟ ಆಡಿಸುತ್ತಿದ್ದರು. ಗೊಂಬೆ ಕುಣಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಬೆಳಗಾದ ಮೇಲೆ ಮೇಳದವರ ಬಿಡಾರ ಮಾತ್ರ ಊರ ಹೊರಗೇ. ಊರಿಗೆ ಮಳೆ ತರಬಲ್ಲ ಹಾಡಿಗೆ ಹಾಡಿದವರನ್ನು ಊರೊಳಗೆ ತರುವ ಶಕ್ತಿ ಇರಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಸಂಗೀತ ಬದುಕನ್ನು ನೋಡಿದಾಗ ಎದ್ದು ಕಾಣುವ ಸಂಗತಿ ಇದು. ಇಲ್ಲಿ ಹಾಡಿಗೆ ಬರವಿಲ್ಲ. ಗವಿಮಠದ ಜಾತ್ರೆಯಿಂದ ಹುಲಿಗೆಮ್ಮನ ಪೌಳಿಯವರೆಗೆ, ಭಜನೆ, ತತ್ವಪದ, ಗೀಗೀ, ದೊಡ್ಡಾಟ, ಚೌಡಿಕೆ ಪದ, ಕಂಪನಿ ನಾಟಕ, ರಸಮಂಜರಿ ಎಲ್ಲಕ್ಕೂ ಕೇಳುಗರಿದ್ದಾರೆ. ಆದರೆ ಹಾಡುವವರ ಸ್ಥಾನಮಾನ ಅವರ ಕಂಠದಿಂದ ನಿರ್ಧಾರವಾಗುವುದಿಲ್ಲ. ಯಾರು ಕರೆದರು, ಯಾವ ಜಾಗದಲ್ಲಿ ಕೂರಿಸಿದರು, ಕೇಳಿದವರು ಎಂಥವರು ಎಂಬುದರಿಂದ ನಿರ್ಧಾರವಾಗುತ್ತದೆ.

ಗವಾಯಿ ಮತ್ತು ಹಾಡುವಾಕಿ

ಭಾಷೆಯೇ ಇದಕ್ಕೆ ಮೊದಲ ಸಾಕ್ಷಿ. ಗಂಡಸು ಹಾಡಿದರೆ 'ಗವಾಯಿಗಳು' ಆಗುತ್ತಾನೆ. ಈ ಬಹುವಚನಕ್ಕೆ ಒಂದು ಚರಿತ್ರೆಯಿದೆ. ನೆರೆಯ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ ವೀರೇಶ್ವರ ಪುಣ್ಯಾಶ್ರಮವು ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸಿ, ಅವರನ್ನು ಗೌರವದ ಬದುಕಿಗೆ ದಾಟಿಸಿತು. ಮಠದ ನೆರಳು, ಗುರುವಿನ ಹೆಸರು, ಕಾವಿಯ ಪಾವಿತ್ರ್ಯ ಇವುಗಳಿಂದ ಹಾಡುಗಾರಿಕೆ ಭಿಕ್ಷೆಯಾಗದೆ ಸೇವೆಯಾಯಿತು. ಕೊಪ್ಪಳ ಸೀಮೆಯ ಪುರಾಣ ಪ್ರವಚನಗಳಲ್ಲಿ ಹಾರ್ಮೋನಿಯಂ ಹಿಡಿದು ಕೂರುವವರಿಗೆ ಇಂದಿಗೂ ವೇದಿಕೆಯ ಮೇಲೆಯೇ ಆಸನ ಸಿಗುವುದರ ಹಿಂದೆ ಆ ಆಶ್ರಮದ ಪುಣ್ಯವಿದೆ.

ಹೆಂಗಸು ಹಾಡಿದರೆ ಅವಳು 'ಹಾಡುವಾಕಿ'. ಈ ವ್ಯತ್ಯಾಸವನ್ನು ಗಂಗೂಬಾಯಿ ಹಾನಗಲ್ ಅವರಿಗಿಂತ ಚೆನ್ನಾಗಿ ಗುರುತಿಸಿದವರಿಲ್ಲ. ಗಂಡಸು ಮುಸಲ್ಮಾನನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ. ಹೆಂಗಸು ಎಷ್ಟೇ ದೊಡ್ಡವಳಾದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಅವರ ಮಾತು ಪ್ರಸಿದ್ಧ. ಧಾರವಾಡದ ಬೀದಿಯಲ್ಲಿ ಬಾಲ್ಯದಲ್ಲಿ ಕೇಳಿದ ಮೂದಲಿಕೆಗಳನ್ನು ಅವರು ಕೊನೆಯವರೆಗೆ ಮರೆಯಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಬಾಲಕಿಗೆ ಗಾಂಧೀಜಿ ಎದುರು ಹಾಡುವ ಅಳುಕಿಗಿಂತ, ಊಟದ ಪಂಕ್ತಿಯಲ್ಲಿ ತನ್ನನ್ನು ಎಲ್ಲಿ ಕೂರಿಸುತ್ತಾರೋ ಎಂಬ ಅಳುಕು ದೊಡ್ಡದಿತ್ತು. ಆಕೆಯೇ ಮುಂದೆ ವಿಧಾನ ಪರಿಷತ್ತಿನ ಸದಸ್ಯೆಯಾದರು. 2002ರಲ್ಲಿ ಪದ್ಮವಿಭೂಷಣ ಪಡೆದರು. ಒಂದೇ ಆಯುಷ್ಯದಲ್ಲಿ ಅಷ್ಟು ದೂರ ಬರಲು ಎಂಥ ಕಂಠ, ಎಂಥ ಗಟ್ಟಿತನ ಬೇಕಾಯಿತು ಎಂಬುದನ್ನು ನೆನೆದರೆ, ಅದಿಲ್ಲದ ಸಾಧಾರಣ ಹಾಡುಗಾರ್ತಿಯರ ಪಾಡು ತಾನಾಗಿ ಅರ್ಥವಾಗುತ್ತದೆ. ಒಬ್ಬ ಗಂಗೂಬಾಯಿಗೆ ಸಿಕ್ಕ ಮನ್ನಣೆ ಆ ಕಸುಬಿಗೆ ಸಿಕ್ಕ ಮನ್ನಣೆಯಲ್ಲ.

ಹುಲಿಗಿಯ ಚೌಡಿಕೆ

ಕೊಪ್ಪಳ ತಾಲ್ಲೂಕಿನ ತುಂಗಭದ್ರೆಯ ದಂಡೆಯ ಮೇಲಿನ ಹುಲಿಗಿಗೆ ಬಂದರೆ ಪ್ರಶ್ನೆ ಇನ್ನಷ್ಟು ಗಾಢವಾಗುತ್ತದೆ. ಹುಲಿಗೆಮ್ಮನ ಸನ್ನಿಧಿ ಜೋಗತಿಯರ ಹಾಡಿಕೆಯ ದೊಡ್ಡ ನೆಲೆ. ಚೌಡಿಕೆ, ಶ್ರುತಿ, ತಾಳ, ತಲೆಯ ಮೇಲೆ ಕೊಡ ಹೊತ್ತು ಹಾಡುವ, ಕುಣಿಯುವ ಈ ಪರಂಪರೆಯಿಂದಲೇ ಮಂಜಮ್ಮ ಜೋಗತಿ ಬಂದರು. 1975ರಲ್ಲಿ ಮುತ್ತು ಕಟ್ಟಿಸಿಕೊಂಡದ್ದು ಇದೇ ಹುಲಿಗಿಯಲ್ಲಿ. ಹೊಟ್ಟೆಪಾಡಿಗೆ ಬೀದಿಯಲ್ಲಿ ಕೈಯೊಡ್ಡಿದ ದಿನಗಳನ್ನು ದಾಟಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು; 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಎದುರು ಸೆರಗಿನಿಂದ ದೃಷ್ಟಿ ತೆಗೆದ ಅವರ ಚಿತ್ರವನ್ನು ದೇಶವೇ ನೋಡಿತು.

ಆ ಚಿತ್ರದ ಹಿಂದಿರುವ ಲೆಕ್ಕ ಬೇರೆಯದು. ರಾಜ್ಯ ಸರ್ಕಾರದ ಎರಡು ಸಮೀಕ್ಷೆಗಳು, ಅಂದರೆ 1993-94 ಹಾಗೂ 2007-08ರವು, ಗುರುತಿಸಿದ ಮಾಜಿ ದೇವದಾಸಿಯರ ಸಂಖ್ಯೆ 46,660. ಕೊಪ್ಪಳ ಆ ಪಟ್ಟಿಯ ಪ್ರಮುಖ ಜಿಲ್ಲೆಗಳಲ್ಲೊಂದು. ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲೇ ರೂಪಿಸಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅದರ ಜಾಗಕ್ಕೆ ಇನ್ನಷ್ಟು ವ್ಯಾಪಕವಾದ ಮಸೂದೆಯನ್ನು ಅಂಗೀಕರಿಸಿತು. ತಂದೆಯ ಹೆಸರಿಲ್ಲದೆ ಶಾಲೆ, ಕಚೇರಿಗಳಲ್ಲಿ ತಲೆತಗ್ಗಿಸಬೇಕಾಗಿದ್ದ ಮಕ್ಕಳ ಹಕ್ಕಿನ ಮಾತು ಅದರಲ್ಲಿದೆ. ಇದು ಬಹಳ ತಡವಾಗಿ ಬಂದ ನ್ಯಾಯ.

ಆದರೆ ಕಾಯ್ದೆಯ ವ್ಯಾಪ್ತಿಗೆ ಬಾರದ ಒಂದು ಗಂಟು ಇಲ್ಲಿದೆ. ಚೌಡಿಕೆಯ ಹಾಡು ಮುತ್ತಿನೊಂದಿಗೆ ಹೆಣೆದುಕೊಂಡು ಬಂದದ್ದು. ಮುತ್ತು ಹರಿದು ಹಾಕಿದವಳು ಚೌಡಿಕೆಯನ್ನು ಉಳಿಸಿಕೊಳ್ಳಬೇಕೆ? ತಾಯಿ ಹಾಡುತ್ತಿದ್ದ ಪದವನ್ನು ಮಗಳು ಹಾಡಿದರೆ, ಕೇಳಿದವರು ಮೊದಲು ನೆನೆಯುವುದು ರಾಗವನ್ನಲ್ಲ, ತಾಯಿಯ ಗುರುತನ್ನು. ಮಗಳು ನರ್ಸಿಂಗ್ ಓದಿದರೆ, ಟೈಲರಿಂಗ್ ಕಲಿತರೆ, ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರೆ ಆ ಗುರುತು ಮಸುಕಾಗುತ್ತದೆ, ಹಾಡಿದರೆ ಹೊಳೆಯುತ್ತದೆ. ಹೀಗಾಗಿ ಹಾಡು ಬಿಡುವುದೇ ಮರ್ಯಾದೆಯ ದಾರಿಯಾಗಿದೆ. ಟಿ.ವಿ., ಮೊಬೈಲ್‌ಗಳಿಂದ ಜಾನಪದ ಅಳಿಯುತ್ತಿದೆ ಎಂದು ವಿಚಾರ ಸಂಕಿರಣಗಳಲ್ಲಿ ಹಲುಬುವವರು ಈ ಸರಳ ಸತ್ಯವನ್ನು ಗಮನಿಸಿದಂತಿಲ್ಲ. ಕಲೆಯನ್ನು ಬಿಟ್ಟವರು ಮೂರ್ಖರಲ್ಲ. ಅವರು ತಮ್ಮ ಮಕ್ಕಳಿಗೆ ಬಾಡಿಗೆ ಮನೆ ಸಿಗಲಿ, ಸಂಬಂಧ ಕೂಡಿಬರಲಿ ಎಂದು ಬಿಟ್ಟವರು.

ಕುಷ್ಟಗಿ, ಯಲಬುರ್ಗಾ ಸೀಮೆಯ ಗೀಗೀ ಮೇಳಗಳದು ಇದೇ ಕತೆಯ ಇನ್ನೊಂದು ಮಗ್ಗುಲು. ಹರದೇಶಿ–ನಾಗೇಶಿ ಸವಾಲ್ ಜವಾಬಿನಲ್ಲಿ ಹೆಣ್ಣಿನ ಪಕ್ಷ ವಹಿಸಿ ಹಾಡುವಾಕೆ ಬೆಳತನಕ ಗಂಡಿನ ಮೇಳವನ್ನು ಪುರಾಣದಲ್ಲಿ, ತರ್ಕದಲ್ಲಿ, ಕುಹಕದಲ್ಲಿ ಸೋಲಿಸಬಲ್ಲಳು. ಸಾವಿರ ಜನ ಶಿಳ್ಳೆ ಹೊಡೆದು ಮೆಚ್ಚುತ್ತಾರೆ, ನೋಟು ಚುಚ್ಚುತ್ತಾರೆ. ಮಳೆಯನ್ನೇ ನಂಬಿದ ಈ ಎರಡು ತಾಲ್ಲೂಕುಗಳಲ್ಲಿ ಅದೇ ಹೆಂಗಸು ಬೇಸಿಗೆಯಲ್ಲಿ ಗುಳೆ ಹೋಗುವ ಲಾರಿಯಲ್ಲಿ ಕೂರುವುದೂ ಉಂಟು. ಗೆದ್ದ ಹಾಡಿಕೆಗೂ ದಿನಗೂಲಿಗೂ ನಡುವೆ ಒಂದು ರಾತ್ರಿಯ ಅಂತರವಷ್ಟೇ.

ಗಂಗಾವತಿಯ ಝಗಮಗ

ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯಲ್ಲಿ ದೃಶ್ಯ ಬೇರೆ. ಭತ್ತದ ಕಣಜವೆನಿಸಿದ ಊರಿನಲ್ಲಿ ಅಕ್ಕಿ ಗಿರಣಿಗಳ ದುಡ್ಡಿದೆ, ಗಣೇಶೋತ್ಸವಕ್ಕೂ ಜಾತ್ರೆಗೂ ಆರ್ಕೆಸ್ಟ್ರಾ ಕರೆಸುವ ಉಮೇದಿದೆ. ರಸಮಂಜರಿಯ ಗಾಯಕಿಗೆ ಇಲ್ಲಿ ಹಣದ ಕೊರತೆ ತಕ್ಕಮಟ್ಟಿಗೆ ನೀಗಿದೆ. ಮರ್ಯಾದೆಯ ಕೊರತೆ ನೀಗಿಲ್ಲ. ಸಿನಿಮಾ ಹಾಡು ಹಾಡುವಾಗ ವೇದಿಕೆ ಏರಿ ಬರುವ ಕುಡುಕನನ್ನು ಇಳಿಸುವವರು ತಡವಾಗಿ ಬರುತ್ತಾರೆ. ಮಧ್ಯರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಟೆಂಪೊದಲ್ಲಿ ಮುಂದಿನೂರಿಗೆ ಪಯಣ. ಲಿಖಿತ ಒಪ್ಪಂದ ಎಂಬುದು ಅಪರೂಪ. ಮಾತು ನಡೆಯುವುದು ತಂಡದ ಮಾಲೀಕ ಮತ್ತು ಉತ್ಸವ ಸಮಿತಿಯ ನಡುವೆ. ಗಾಯಕಿಯ ಹೆಸರು ಬ್ಯಾನರಿನಲ್ಲಿ 'ಖ್ಯಾತ', ಖರ್ಚಿನ ಪಟ್ಟಿಯಲ್ಲಿ ಶಾಮಿಯಾನದ ಕೆಳಗೆ.

ಸರ್ಕಾರಿ ಉತ್ಸವಗಳು ಇದಕ್ಕಿಂತ ಭಿನ್ನವಾಗಬೇಕಿತ್ತು. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವಗಳು ಜಿಲ್ಲೆಯ ಕಲಾವಿದರಿಗೆ ಸಿಗುವ ದೊಡ್ಡ ವೇದಿಕೆಗಳು. ಆದರೆ ರಾತ್ರಿಯ ಮುಖ್ಯ ಹೊತ್ತು ಬೆಂಗಳೂರು, ಮುಂಬೈಗಳಿಂದ ಬರುವ ಸಿನಿಮಾ ಗಾಯಕರಿಗೆ, ಸಂಜೆಯ ಖಾಲಿ ಕುರ್ಚಿಗಳು ಸ್ಥಳೀಯರಿಗೆ ಎಂಬ ದೂರು ಇಂಥ ಉತ್ಸವಗಳ ಬೆನ್ನಿಗೇ ಬರುವುದು ವಾಡಿಕೆಯಾಗಿಬಿಟ್ಟಿದೆ. ಗೌರವಧನದ ಅಂತರ ಒಂದು ಕಡೆಗಿರಲಿ, ಹಾಡುವ ಹೊತ್ತಿನ ಅಂತರವೇ ಸಾಕಷ್ಟು ಹೇಳುತ್ತದೆ.

ಜಾಝ್ ಕಲಿಸುವ ಪಾಠ

ಇದು ಕೊಪ್ಪಳದ ಬಡತನಕ್ಕೋ, ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಗೋ ಅಂಟಿದ ರೋಗವೆಂದು ಭಾವಿಸುವವರು ಅಮೆರಿಕದ ಜಾಝ್ ಚರಿತ್ರೆಯತ್ತ ಕಣ್ಣು ಹಾಯಿಸಬಹುದು. ಬಿಲ್ಲಿ ಹಾಲಿಡೇ ಆ ಸಂಗೀತದ ಅತಿ ದೊಡ್ಡ ಗಾಯಕಿಯರಲ್ಲೊಬ್ಬಳು. 1938ರಲ್ಲಿ ಬಿಳಿಯರ ವಾದ್ಯವೃಂದವೊಂದರ ಜೊತೆ ನ್ಯೂಯಾರ್ಕಿನ ಹೋಟೆಲಿನಲ್ಲಿ ಹಾಡುತ್ತಿದ್ದಾಗ, ಅತಿಥಿಗಳು ಬಳಸುವ ಲಿಫ್ಟ್ ಬಿಟ್ಟು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬರಬೇಕೆಂದು ಆಕೆಗೆ ತಾಕೀತಾಯಿತು. 1940ರ ದಶಕದ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ಪೊಲೀಸರು ಕೊಡುವ ಪರವಾನಗಿ ಚೀಟಿ ಬೇಕಿತ್ತು. ಬೆರಳಚ್ಚು ಕೊಟ್ಟು ಪಡೆಯಬೇಕಾದ ಚೀಟಿ. 1947ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಜೈಲಿಗೆ ಹೋದ ಹಾಲಿಡೇಗೆ ಆ ಚೀಟಿ ಇಲ್ಲವಾಯಿತು. 1948ರಲ್ಲಿ ಪ್ರತಿಷ್ಠಿತ ಕಾರ್ನೆಗಿ ಸಭಾಂಗಣದಲ್ಲಿ ಅವಳ ಕಛೇರಿಗೆ ಜನ ಕಿಕ್ಕಿರಿದರು. ಅದೇ ನಗರದ ಸಣ್ಣ ಕ್ಲಬ್ಬಿನಲ್ಲಿ ಹಾಡಿ ದಿನದ ಸಂಪಾದನೆ ಮಾಡಲು ಮಾತ್ರ ಅನುಮತಿಯಿರಲಿಲ್ಲ. 1959ರಲ್ಲಿ 44ರ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಚೀಟಿಯ ಪದ್ಧತಿ ರದ್ದಾದದ್ದು 1967ರಲ್ಲಿ. ವರ್ಷಕ್ಕೊಮ್ಮೆ ಸನ್ಮಾನ, ದಿನನಿತ್ಯ ಅನುಮಾನ. ಮೋರನಾಳಕ್ಕೂ ಹುಲಿಗಿಗೂ ಇದು ಅಪರಿಚಿತ ಕತೆಯೇನಲ್ಲ.

ಮುಂದಿನ ತಿರುವು ಹೆಚ್ಚು ಕುತೂಹಲಕರ. ಕರಿಯರ ಕೇರಿಗಳಲ್ಲಿ, ಅಗ್ಗದ ಕ್ಲಬ್ಬುಗಳಲ್ಲಿ ಬೆಳೆದ ಆ ಸಂಗೀತ ಇಂದು ವಿಶ್ವವಿದ್ಯಾಲಯಗಳ ಪಠ್ಯ. ಬೆಂಗಳೂರಿಗೆ ಅದು ಬಂದದ್ದು ಇಂಗ್ಲಿಷ್ ಬಲ್ಲ, ಅನುಕೂಲಸ್ಥ ಕೇಳುಗರ ಮೂಲಕ. ಹೀಗಾಗಿ ರಾಜಧಾನಿಯಲ್ಲಿ ಜಾಝ್ ಹಾಡುವಾಕೆಗೆ ಸಿಗುವ ಸಾಮಾಜಿಕ ಮನ್ನಣೆ, ಅದೇ ನಗರದ ಬಾರಿನ ಆರ್ಕೆಸ್ಟ್ರಾದಲ್ಲಿ ಹಳೆಯ ಹಿಂದಿ ಹಾಡು ಹೇಳುವಾಕೆಗೆ ಸಿಗುವುದಿಲ್ಲ. ಇಬ್ಬರೂ ರಾತ್ರಿ ಹಾಡುತ್ತಾರೆ, ಇಬ್ಬರ ಎದುರಿಗೂ ಗ್ಲಾಸುಗಳಿರುತ್ತವೆ. ಕಾನೂನಿನ ಕಣ್ಣಿಗೂ ಇಬ್ಬರೂ ಒಂದೇ: ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆದರೆ 'ಲೈವ್ ಬ್ಯಾಂಡ್ ಮೇಲೆ ದಾಳಿ' ಎಂಬ ತಲೆಬರಹ ಓದಿದಾಗ ಓದುಗನ ಮನಸ್ಸಿಗೆ ಬರುವುದು ಜಾಝ್ ಗಾಯಕಿಯಲ್ಲ.

ನ್ಯಾಯಾಲಯ ಇನ್ನೊಂದು ದಿಕ್ಕಿನಿಂದಲೂ ಈ ವಿಷಯವನ್ನು ನೋಡಿದೆ. ಮಹಾರಾಷ್ಟ್ರದಲ್ಲಿ ಆರ್ಕೆಸ್ಟ್ರಾ ಬಾರಿನ ವೇದಿಕೆಯ ಮೇಲೆ ನಾಲ್ಕೇ ಮಹಿಳೆಯರು, ನಾಲ್ಕೇ ಪುರುಷರು ಇರಬೇಕೆಂಬ ಷರತ್ತಿತ್ತು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಒಟ್ಟು ಸಂಖ್ಯೆಗೆ ಮಿತಿ ಇರಲಿ, ಹೆಣ್ಣೆಷ್ಟು ಗಂಡೆಷ್ಟು ಎಂದು ಎಣಿಸುವುದು ಸಲ್ಲದು ಎಂಬುದು ತೀರ್ಪಿನ ತಿರುಳು. ಹೆಣ್ಣನ್ನು ಕಾಪಾಡುವ ಹೆಸರಿನಲ್ಲಿ ಅವಳ ದುಡಿಮೆಯನ್ನೇ ಕಿತ್ತುಕೊಳ್ಳಲಾಗದು ಎಂಬ ಈ ನಿಲುವಿಗೆ ಕೊಪ್ಪಳದ ಮಟ್ಟಿಗೂ ಅರ್ಥವಿದೆ. ಜೋಗತಿಯ ಹಾಡನ್ನು ಬರೀ ಅನಿಷ್ಟ ಪದ್ಧತಿಯ ಕುರುಹಾಗಿ ಕಾಣುವ ಅಧಿಕಾರಿಗಳು ಅದನ್ನು ದುಡಿಮೆಯಾಗಿಯೂ ಕಾಣಬೇಕಾದ ಹೊತ್ತು ಇದು.

ಮುಖ ಕಾಣದ ದನಿ

ಸ್ಥಾನಮಾನ ಬದಲಾದ ಉದಾಹರಣೆಗಳೇ ಇಲ್ಲವೆಂದಲ್ಲ. ಅವುಗಳಲ್ಲಿ ಮುಖ್ಯವಾದದ್ದು ರೇಡಿಯೊ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಇದೇ ಆಕಾಶವಾಣಿ, ಖಾಸಗಿ ಬದುಕು ಸರಿಯಿಲ್ಲವೆಂಬ ನೆಪದಲ್ಲಿ ಅನೇಕ ಹಾಡುಗಾರ್ತಿಯರಿಗೆ ಬಾಗಿಲು ಮುಚ್ಚಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದ ಮೇಲೆ, ಮುಂದೆ ಹೊಸಪೇಟೆ ಕೇಂದ್ರವೂ ಬಂದ ಮೇಲೆ, ಈ ಸೀಮೆಯ ಜನಪದ ಗಾಯಕಿಯರಿಗೆ ಒಂದು ಹೊಸ ವಿಳಾಸ ಸಿಕ್ಕಿತು. ಧ್ವನಿ ಪರೀಕ್ಷೆ, ದರ್ಜೆ, ಕರಾರು ಪತ್ರ, ಚೆಕ್ಕು. ಕೇಳುವವನಿಗೆ ಹಾಡುವವಳ ಕೇರಿ ಕಾಣದು, ಉಟ್ಟ ಸೀರೆ ಕಾಣದು, ದನಿ ಮಾತ್ರ. ಕರಪತ್ರಗಳಲ್ಲಿ ಹೆಸರಿನ ಮುಂದೆ 'ಆಕಾಶವಾಣಿ ಕಲಾವಿದೆ' ಎಂದು ಅಚ್ಚಾಗಲು ಹಾಡುಗಾರ್ತಿಯರು ಹಂಬಲಿಸಿದ್ದು ಸುಮ್ಮನೆ ಅಲ್ಲ. 'ಹಾಡುವಾಕಿ' ಎಂಬ ಪದವನ್ನು ಅಳಿಸಬಲ್ಲ ಎರಡು ಪದಗಳು ಅವು.

ಈಗಿನ ಯೂಟ್ಯೂಬ್ ಆ ಕೆಲಸ ಮಾಡುತ್ತಿಲ್ಲವೆ ಎಂದು ಕೇಳಬಹುದು. ಉತ್ತರ ಕರ್ನಾಟಕದ ಹೊಸ ಜನಪದ ಗೀತೆಗಳು ಲಕ್ಷಗಟ್ಟಲೆ ನೋಟ ಕಾಣುತ್ತವೆ, ನಿಜ. ಹಳ್ಳಿಯ ಹುಡುಗಿಯೂ ಒಂದೇ ಹಾಡಿಗೆ ಮನೆಮಾತಾಗಬಲ್ಲಳು. ಆದರೆ ಅಲ್ಲಿ ದರ್ಜೆಯಿಲ್ಲ, ಕರಾರಿಲ್ಲ. ಹಾಡಿನ ಹಕ್ಕು ಹೆಚ್ಚಾಗಿ ಸ್ಟುಡಿಯೊ ನಡೆಸುವವರ ಪಾಲು. ಪ್ರಸಿದ್ಧಿ ಒಂದು, ಪ್ರತಿಷ್ಠೆ ಇನ್ನೊಂದು. ಹಾಡಿನ ಕೆಳಗೆ ಸಾಲುಗಟ್ಟುವ ಮಾತುಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾಲೇಜುಗಳ ಯುವಜನೋತ್ಸವ. ಇಳಕಲ್ಲ ಸೀರೆ ಉಟ್ಟ ವಿದ್ಯಾರ್ಥಿನಿಯರು ಚೌಡಿಕೆ ಪದ ಹಾಡಿ ಬಹುಮಾನ ಗೆಲ್ಲುತ್ತಾರೆ. ಅಪ್ಪ ಅಮ್ಮ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಾಡು ಯಾರ ಆಸ್ತಿಯೂ ಅಲ್ಲ. ಜಾಝ್‌ಗೆ ಆದದ್ದು, ದೇವದಾಸಿಯರ ಸದಿರು ಭರತನಾಟ್ಯವಾದಾಗ ಆದದ್ದು ಇದೇ: ಕೇಳುಗರು ಬದಲಾದೊಡನೆ ಕಲೆ ಮೇಲೇರಿತು, ಏಣಿಯಾದವರು ಕೆಳಗೇ ಉಳಿದರು. ಆ ವಿದ್ಯಾರ್ಥಿನಿಯರಿಗೆ ಪದ ಕಲಿಸಲು ಹುಲಿಗಿಯ ಹಿರಿಯ ಜೋಗತಿಯೊಬ್ಬಳನ್ನು ಸಂಭಾವನೆ ಕೊಟ್ಟು, ಕುರ್ಚಿ ಹಾಕಿ ಕರೆದರೆ ಚಿತ್ರ ಸ್ವಲ್ಪ ಬೇರೆಯಾದೀತು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಒಂದು ಲೋಟ ಚಹಾ ಎಲ್ಲರ ಜೊತೆ ಕೊಡುವ ಮನಸ್ಸು ಬೇಕು.

ಸರ್ಕಾರದ ಕೈಯಲ್ಲಿರುವ ನೇರ ಸಾಧನವೆಂದರೆ ಮಾಸಾಶನ. 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅದನ್ನು ಕೊಡುತ್ತದೆ. ಅದರ ಮೊತ್ತಕ್ಕಿಂತ ಅದರ ಕಾಗದ ದೊಡ್ಡದು. ಸರ್ಕಾರವೇ 'ಕಲಾವಿದೆ' ಎಂದು ಬರೆದುಕೊಟ್ಟಂತೆ. ಆದರೆ ಅರ್ಜಿಯ ಜೊತೆ ಕಲಾಸೇವೆಗೆ ದಾಖಲೆ ಒದಗಿಸಬೇಕು: ಆಹ್ವಾನ ಪತ್ರಿಕೆ, ಪ್ರಮಾಣಪತ್ರ, ಭಾವಚಿತ್ರ, ಪತ್ರಿಕೆಯ ತುಣುಕು. ನಾಟಕ ಕಂಪನಿಯ ನಟಿಯ ಬಳಿ ಹಳೆಯ ಹ್ಯಾಂಡ್‌ಬಿಲ್ಲಾದರೂ ಇರುತ್ತದೆ. ನಲವತ್ತು ವರ್ಷ ಹುಣ್ಣಿಮೆಗೊಮ್ಮೆ ಹುಲಿಗಿಯ ಪೌಳಿಯಲ್ಲಿ ಬೆಳತನಕ ಹಾಡಿದವಳಿಗೆ ಯಾರೂ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿರಲಿಲ್ಲ.